ಹರಿಮಾನ್ ಅಲ್ಲ ದೊಡ್ಡಪ್ಪ, ಹರ್ಮನ್

ಗುಂಪು: ನಮ್ಮ ಮನೆ ಮಂದಿ

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಜರ್ಮನ್ನರ ‘ಹರ್ಮನ್’ ನಮ್ಮದೇ ಹೆಸರು! ಹರಿ + ಮಾನ = ಹರಿಮಾನ್. ಹೆಮ್ಮೆ ಇದ್ದರೆ ಹತ್ತು ಜನಕ್ಕೆ ಕಳಿಸಿ 🙏

ರಾಘು: ಬೆಳಿಗ್ಗೆ ಬೆಳಿಗ್ಗೆ ಶುರುವಾಯ್ತಾ ದೊಡ್ಡಪ್ಪಾ 😄

ದೊಡ್ಡಪ್ಪ: ನಗಬೇಡ. ಕನ್ನಡದ ಮೊದಲ ಪತ್ರಿಕೆ ತೆಗೆದವರು ಯಾರು? ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್. 1843, ಮಂಗಳೂರ ಸಮಾಚಾರ. ಹರಿಯ ಹೆಸರು ಇಟ್ಟುಕೊಂಡೇ ಇಲ್ಲಿಗೆ ಬಂದಿದ್ದಾರೆ.

ಸುಮಾ ಅತ್ತೆ: ಪಾದ್ರಿಗೆ ಹರಿಯ ಹೆಸರಾ ಅಣ್ಣಾ?

ಶ್ರುತಿ: ಮೋಗ್ಲಿಂಗ್ ವಿಷಯ ಸರಿ ದೊಡ್ಡಪ್ಪ. ಹೆಸರಿನ ವಿಷಯ ಸರಿ ಇಲ್ಲ. ಹಳೆಯ ಜರ್ಮನ್‌ನಲ್ಲಿ ‘ಹರಿ’ ಅಂದ್ರೆ ಸೈನ್ಯ. ಇಲ್ಲಿ ಜರ್ಮನಿಯಲ್ಲಿ ಇವತ್ತಿಗೂ ಭೂಸೇನೆಗೆ ‘ಹೇರ್’ ಅಂತಾರೆ. ‘ಮನ್’ ಅಂದ್ರೆ ಗಂಡಸು. ಹರ್ಮನ್ ಅಂದ್ರೆ ದಂಡಿನ ಆಳು, ಅಷ್ಟೇ.

ದೊಡ್ಡಪ್ಪ: ನೋಡು, ನೀನೇ ‘ಹರಿ’ ಅಂದೆ!

ಶ್ರುತಿ: ಸದ್ದು ಒಂದೇ, ಬೇರು ಬೇರೆ. ನೀರೂ ಹರಿಯುತ್ತೆ, ಬಟ್ಟೆಯೂ ಹರಿಯುತ್ತೆ. ಅದಕ್ಕೂ ವಿಷ್ಣುವಿಗೂ ಏನು ಸಂಬಂಧ?

ರಾಘು: 👏👏

ಶ್ರುತಿ: ಅವರ ಹಳೆಯ ಹೆಸರುಗಳು ಜಾಸ್ತಿ ಎರಡು ತುಂಡಿನವು. ‘ವಾಲ್ಟ್’ ಅಂದ್ರೆ ಆಳೋದು. ಹರಿ ಮುಂದೆ, ವಾಲ್ಟ್ ಹಿಂದೆ ಇಟ್ಟರೆ ಹೆರಾಲ್ಡ್. ತಿರುಗಿಸಿ ಇಟ್ಟರೆ ವಾಲ್ಟರ್! ಗುಂಟರ್ ಅನ್ನೋ ಹೆಸರಿನ ಬಾಲದಲ್ಲಿರೋದೂ ಇದೇ ಸೈನ್ಯ.

ರಾಘು: ‘ಹೆರ್’ ಅಂದ್ರೆ ಶ್ರೀಯುತರು ಅಲ್ವಾ? ನಾನು ಹರ್ಮನ್ ಅಂದ್ರೆ ಯಜಮಾನ ಅಂದುಕೊಂಡಿದ್ದೆ.

ಶ್ರುತಿ: ಅದೂ ಬೇರೆ. ಆ ‘ಹೆರ್’ ತಲೆ ನರೆತ ಹಿರಿಯ ಅನ್ನೋ ಮಾತಿನಿಂದ ಬಂದದ್ದು. ನಮ್ಮ ಕಟ್ಟಡದ ಕರೆಗಂಟೆ ಫಲಕದಲ್ಲಿ ಇಬ್ಬರು ಹರ್ಮನ್ ಇದ್ದಾರೆ. ಒಬ್ಬರಿಗೆ ಒಂದು ‘ಆರ್’, ಇನ್ನೊಬ್ಬರಿಗೆ ಎರಡು. ಒಬ್ಬರ ಪಾರ್ಸೆಲ್ ಇನ್ನೊಬ್ಬರ ಬಾಗಿಲಿಗೆ.

ಸುಮಾ ಅತ್ತೆ: ಅಡ್ಡಹೆಸರೂ ಅದೇನಾ?

ಶ್ರುತಿ: ಹೌದು ಅತ್ತೆ. ಅಪ್ಪನ ಹೆಸರು ಮನೆತನಕ್ಕೆ ಅಂಟಿಕೊಂಡುಬಿಡ್ತು. ಹಾಲಿವುಡ್ ಸಂಗೀತಗಾರ ಬರ್ನಾರ್ಡ್ ಹರ್ಮನ್‌ಗೆ ಅದು ಅಡ್ಡಹೆಸರು. ಲೇಖಕ ಹರ್ಮನ್ ಹೆಸ್ಸೆಗೆ ಇಟ್ಟ ಹೆಸರು. ಹೆಸ್ಸೆಯ ತಾಯಿಯ ಅಪ್ಪ ಯಾರು ಗೊತ್ತಾ? ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್. ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ, 1842ರಲ್ಲಿ.

ದೊಡ್ಡಪ್ಪ: ನಮ್ಮ ಕರಾವಳಿ ಬಿಟ್ಟು ಆ ಹೆಸರೇ ಇಲ್ಲ ಅಂತಾಯ್ತು!

ರಾಘು: ಅಯ್ಯೋ 🤦 ರೋಮನ್ನರನ್ನು ಸೋಲಿಸಿದ ಹರ್ಮನ್ ಅಂತ ಒಬ್ಬ ಇದ್ದನಲ್ಲ, ಅವನು ಯಾವ ಕರಾವಳಿ?

ಶ್ರುತಿ: ಅವನ ಕತೆ ಇನ್ನೂ ಮಜಾ. ಕ್ರಿ.ಶ. 9ರಲ್ಲಿ ಕಾಡಿನಲ್ಲಿ ರೋಮಿನ ಮೂರು ಲೀಜನ್ (ದೊಡ್ಡ ಸೇನಾ ತುಕಡಿ) ಮುಗಿಸಿದ. ರೋಮನ್ನರು ಅವನನ್ನು ಅರ್ಮಿನಿಯಸ್ ಅಂತ ಬರೆದರು. ಅದನ್ನು ‘ಹರ್ಮನ್’ ಮಾಡಿದ್ದು 16ನೇ ಶತಮಾನದ ಜರ್ಮನ್ನರು. ನಮ್ಮವನು ಅನ್ನಿಸಬೇಕಲ್ಲ! 1875ರಲ್ಲಿ ಇಲ್ಲಿನ ಡೆಟ್‌ಮೋಲ್ಡ್ ಊರಿನ ಹತ್ತಿರ ಅವನ ಕತ್ತಿ ಎತ್ತಿದ ದೊಡ್ಡ ವಿಗ್ರಹವೂ ಎದ್ದಿತು. ಅವರಿಗೆ ಆಗ ವಾಟ್ಸಾಪ್ ಇರಲಿಲ್ಲ ದೊಡ್ಡಪ್ಪ, ಕಲ್ಲು ತಾಮ್ರದಲ್ಲೇ ಫಾರ್ವರ್ಡ್ ಮಾಡಿದರು.

ಸುಮಾ ಅತ್ತೆ: 😂😂

ದೊಡ್ಡಪ್ಪ: ಆಯ್ತು ಮಾರಾಯ್ತಿ. ‘ಮನ್’ ಆದ್ರೂ ನಮ್ಮದಾ?

ಶ್ರುತಿ: ಅಲ್ಲಿ ಸ್ವಲ್ಪ ಇದೆ. ನಮ್ಮ ‘ಮನು’, ಅವರ ‘ಮನ್’ ಎರಡಕ್ಕೂ ಬೇರು ಒಂದೇ. ಆದರೆ ನಾವು ಕೊಟ್ಟು ಅವರು ತಗೊಂಡದ್ದಲ್ಲ. ಅಕ್ಕತಂಗಿಯರ ಮಕ್ಕಳ ಹಾಗೆ.

ದೊಡ್ಡಪ್ಪ: ಅರ್ಧ ಗೆದ್ದೆ. ಸಾಕು.

ರಾಘು: ನಿಮ್ಮ ಮೆಸೇಜಿನಲ್ಲಿ ಇದ್ದದ್ದು ಮಾನ. ಮನು ಅಲ್ಲ.

ಸುಮಾ ಅತ್ತೆ: ಅಣ್ಣಾ, ಇದನ್ನೇ ವಾಕಿಂಗ್ ಗುಂಪಿಗೂ ಹಾಕಿದ್ದೀಯಲ್ಲ? ಅಲ್ಲಿ ಎಲ್ಲರೂ ಕೈ ಮುಗೀತಾ ಇದ್ದಾರೆ.

ದೊಡ್ಡಪ್ಪ: ಹತ್ತು ಜನಕ್ಕೆ ಅಂತ ಇತ್ತಲ್ಲ.

ದೊಡ್ಡಪ್ಪ: ರಾಘು, ಕಳಿಸಿದ್ದನ್ನು ಎಲ್ಲರ ಫೋನಿಂದ ಅಳಿಸೋದು ಹೇಗೆ? ಸುಮ್ನೆ ಕೇಳಿದೆ.