ಕಾಲೇಜು ಮೇ ತಿಂಗಳಲ್ಲಿ ಮುಚ್ಚುತ್ತದಂತೆ. ನನ್ನ ಜಿಐ ಬಿಲ್‌ನ 19 ತಿಂಗಳು ಏನಾಗುತ್ತದೆ?

ಟೂಲ್‌ಬಾಕ್ಸ್ | ಮಾರ್ಚ್ 2022

ಎಲ್ಲರಿಗೂ ನಮಸ್ಕಾರ. ಇದನ್ನು ಇಂಗ್ಲಿಷ್‌ನಲ್ಲೂ ಕೇಳಬಹುದಿತ್ತು. ಆದರೆ ಇದನ್ನು ಅಪ್ಪನಿಗೂ ಕಳಿಸಬೇಕು. ಫೋನಿನಲ್ಲಿ ವಿವರಿಸಲು ಹೋದಾಗಲೆಲ್ಲ ಇಬ್ಬರಿಗೂ ಮಾತು ಅರ್ಧಕ್ಕೇ ನಿಂತುಹೋಗುತ್ತದೆ.

ಅಮೆರಿಕದ ಸೇನೆಯಲ್ಲಿ 6 ವರ್ಷ ಮೆಕ್ಯಾನಿಕ್ ಆಗಿದ್ದೆ. ಹಮ್ವೀ, ಲಾರಿ, ಜನರೇಟರ್, ಏನು ಕೆಟ್ಟರೂ ನಾವೇ. ಅದರಲ್ಲಿ 9 ತಿಂಗಳು ಕುವೈತ್‌ನಲ್ಲಿ. 2019ರಲ್ಲಿ ಹೊರಬಂದು ಟೆಕ್ಸಾಸ್‌ನ ಎಲ್ ಪಾಸೊದಲ್ಲೇ ಉಳಿದೆ. ಜಿಐ ಬಿಲ್, ಅಂದರೆ ಸೇನೆಯಲ್ಲಿ ದುಡಿದವರಿಗೆ ಓದಲು ಸರ್ಕಾರ ಕೊಡುವ ಫೀಸ್ ಮತ್ತು ಬಾಡಿಗೆ ಭತ್ಯೆ, ಅದರ 36 ತಿಂಗಳೂ ಹಾಗೇ ಇತ್ತು. ಇಲ್ಲಿನ ಒಂದು ಖಾಸಗಿ ಕಾಲೇಜಿನ ವೆಬ್‌ಸೈಟ್‌ನಲ್ಲಿ ಒಮ್ಮೆ ನಂಬರ್ ಕೊಟ್ಟೆ, ಅಷ್ಟೇ. ಒಂದೇ ವಾರದಲ್ಲಿ 11 ಫೋನ್ ಬಂದವು. ಮಾತಾಡಿದವರು ತಾವೂ ಸೇನೆಯಲ್ಲಿದ್ದವರು ಅಂದರು. ನಂಬಿದೆ. 2020ರ ಅಕ್ಟೋಬರ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಗ್ರಿಗೆ ಸೇರಿದೆ.

ಕಳೆದ ಬೇಸಿಗೆಯಿಂದಲೇ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಇಬ್ಬರು ಮೇಷ್ಟ್ರು ಬಿಟ್ಟುಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಜನವರಿಯಲ್ಲಿ ಲ್ಯಾಬ್‌ಗೆ ಹೋದರೆ ನನ್ನ ಬೆಂಚಿನ ಮೇಲಿದ್ದ ಪವರ್ ಸಪ್ಲೈ ಇರಲಿಲ್ಲ. ನಾಲ್ಕು ಸ್ಕ್ರೂ ತೂತು, ಸುತ್ತ ಧೂಳು ಕೂರದೇ ಉಳಿದಿದ್ದ ಒಂದು ಚೌಕ. ಆಸಿಲೋಸ್ಕೋಪ್‌ಗಳು ಎಂಟಿದ್ದವು, ಮೂರು ಉಳಿದಿದ್ದವು. ಕೇಳಿದರೆ "ಸರ್ವಿಸ್‌ಗೆ ಹೋಗಿವೆ" ಅಂದರು. ನಾನು ಆರು ವರ್ಷ ಸಾಮಾನಿನ ಲೆಕ್ಕ ಇಟ್ಟವನು. ಸರ್ವಿಸ್‌ಗೆ ಹೋದ ಸಾಮಾನಿನ ಸ್ಕ್ರೂ ತೊಟ್ಟಿಗೆ ಹಾಕುವುದಿಲ್ಲ. ನಾಲ್ಕೂ ಕಸದ ಡಬ್ಬದಲ್ಲಿದ್ದವು.

ಹೋದ ಗುರುವಾರ ಇಮೇಲ್ ಬಂತು. ಮೇ ಮೊದಲ ವಾರ ಬಾಗಿಲು ಹಾಕುತ್ತಾರೆ. "ನಿಮ್ಮ ಓದು ನಿಲ್ಲುವುದಿಲ್ಲ, ನಮ್ಮದೇ ಸಂಸ್ಥೆಯ ಇನ್ನೊಂದು ಆನ್‌ಲೈನ್ ಕಾಲೇಜಿಗೆ ಸೇರಿ, 15ನೇ ತಾರೀಖಿನೊಳಗೆ ಸಹಿ ಮಾಡಿ" ಎಂದಿದೆ. ಅಷ್ಟರಲ್ಲಿ ನನ್ನ 19 ತಿಂಗಳು ಖರ್ಚಾಗಿರುತ್ತದೆ. ಸರ್ಕಾರದ ವಿದ್ಯಾರ್ಥಿ ಸಾಲವೂ ಸ್ವಲ್ಪ ಇದೆ. ಹೆಂಡತಿ ಈಗಲೇ ಹೆಸರು ತೆಗೆಸಿ ಕೆಲಸಕ್ಕೆ ಸೇರು ಅನ್ನುತ್ತಿದ್ದಾಳೆ.

ನನಗೆ ದುಡ್ಡಿಗಿಂತ ಆ ತಿಂಗಳುಗಳ ಸಂಕಟ ಜಾಸ್ತಿ. ಅವನ್ನು ನಾನು ಹೇಗೆ ದುಡಿದೆ ಅಂತ ನನಗೆ ಗೊತ್ತು. ವಾಪಸ್ ಸಿಗುತ್ತವಾ?

ಹಳೇ ನಾವಿಕಳು

ತಮ್ಮಾ, ಮೊದಲು ಒಂದು ಮಾತು. ಆ ಕಾಗದಕ್ಕೆ ಸಹಿ ಮಾಡಬೇಡ. ಹೆಸರನ್ನೂ ತೆಗೆಸಬೇಡ. ಇವತ್ತು ಎರಡೂ ಬೇಡ.

ನಾನು ನೇವಿಯಲ್ಲಿ 8 ವರ್ಷ ಇದ್ದೆ. 2018ರಲ್ಲಿ ನನ್ನ ಕಾಲೇಜೂ ಹೀಗೇ ಮುಚ್ಚಿತು. ನಮಗೆ ಇಮೇಲ್ ಕೂಡ ಬರಲಿಲ್ಲ, ಬಾಗಿಲಿಗೆ ಅಂಟಿಸಿದ್ದ ಚೀಟಿ ಓದಿ ಗೊತ್ತಾಯಿತು. ಗಾಬರಿಯಲ್ಲಿ ನಾನು ಪಾಸಾದ ವಿಷಯಗಳ ಕ್ರೆಡಿಟ್‌ಗಳನ್ನೆಲ್ಲ ಇನ್ನೊಂದು ಕಾಲೇಜಿಗೆ ಎಳೆದುಕೊಂಡು ಹೋದೆ. 40ರಲ್ಲಿ ಅವರು ಒಪ್ಪಿದ್ದು 15. ಮುಚ್ಚಿದ ಟರ್ಮ್‌ನ ತಿಂಗಳುಗಳು ಮಾತ್ರ ವಾಪಸ್ ಬಂದವು. ಉಳಿದದ್ದೆಲ್ಲ ಹೋಯಿತು. ಕೊನೆಯ ವರ್ಷ ರಾತ್ರಿ ಪಾಳಿ ಮಾಡಿ ಫೀಸ್ ಕಟ್ಟಿದೆ.

ನಿನಗೆ ಆ ಗತಿ ಬರಬೇಕಿಲ್ಲ. ನನ್ನ ಕಾಲಕ್ಕಿಂತ ಕಾನೂನು ಈಗ ಚೆನ್ನಾಗಿದೆ. ಅದರ ಒಳಗು ನನಗಿಂತ ಚೆನ್ನಾಗಿ ಕೆಳಗಡೆ ಯಾರಾದರೂ ಹೇಳಲಿ. ನೀನು ನಾಳೆ ಬೆಳಿಗ್ಗೆ ಕಾಲೇಜಿಗೆ ಹೋಗಿ ಸೀಲ್ ಹಾಕಿದ ಟ್ರಾನ್ಸ್‌ಕ್ರಿಪ್ಟ್ ಮೂರು ಪ್ರತಿ ತೆಗೆದುಕೋ. ಪ್ರತಿ ವಿಷಯದ ಸಿಲಬಸ್ ಇಳಿಸಿಕೋ. ಆ ಇಮೇಲ್ ಪ್ರಿಂಟ್ ಮಾಡು. ಮುಚ್ಚಿದ ಮೇಲೆ ದಾಖಲೆ ರಾಜ್ಯದ ಯಾವುದೋ ಕಚೇರಿಗೆ ಹೋಗುತ್ತದೆ. ನನ್ನದು ಕೈಗೆ ಬರಲು ಐದು ತಿಂಗಳು ಬೇಕಾಯಿತು.

ನಿನ್ನ ಹೆಂಡತಿಯ ಮಾತಲ್ಲಿ ತಪ್ಪಿಲ್ಲ, ಮನೆ ನಡೆಸುವವಳಿಗೆ ಹೆದರಿಕೆ ಇರುತ್ತದೆ. ಆದರೆ ಟರ್ಮ್ ಮಧ್ಯೆ ನೀನಾಗಿಯೇ ಬಿಟ್ಟರೆ, ವಿಎ (ಮಾಜಿ ಸೈನಿಕರ ಇಲಾಖೆ) ಒಪ್ಪುವ ಕಾರಣ ತೋರಿಸದಿದ್ದರೆ, ಮೊದಲ ದಿನದಿಂದ ಕೊಟ್ಟ ಬಾಡಿಗೆ ಭತ್ಯೆ ವಾಪಸ್ ಕೇಳಬಹುದು. ಇದನ್ನು ಅವಳಿಗೆ ತೋರಿಸು.

ಸರ್ಟಿಫೈಯಿಂಗ್ ಟೇಬಲ್

ನಾನು ಬೇರೆ ರಾಜ್ಯದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಜಿಐ ಬಿಲ್ ಕಾಗದಪತ್ರ ನೋಡುವವನು. ದಿನಾ ಇದೇ ಕೆಲಸ. ಅಕ್ಕ ಹೇಳಿದ್ದು ಸರಿ.

ಟೂಲ್‌ಬಾಕ್ಸ್ ಅವರೇ, 2017ರ ಕಾನೂನಿನಿಂದ ಕಾಲೇಜು ಮುಚ್ಚಿದರೆ ತಿಂಗಳು ಮರಳಿಸುವ ದಾರಿ ತೆರೆಯಿತು. ಅದಕ್ಕೆ ಮೊದಲು, ಅಂದರೆ 2015ರಲ್ಲಿ ಕೊರಿಂಥಿಯನ್, 2016ರಲ್ಲಿ ಐಟಿಟಿ ಟೆಕ್ ಎಂಬ ದೊಡ್ಡ ಖಾಸಗಿ ಕಾಲೇಜುಗಳು ಮುಚ್ಚಿದಾಗ, ಮಾಜಿ ಸೈನಿಕರಿಗೆ ಅಂಥ ದಾರಿಯೇ ಇರಲಿಲ್ಲ. ಆಮೇಲೆ ಆ ಕಾನೂನನ್ನು 2015ರ ಆರಂಭದಿಂದಲೇ ಅನ್ವಯಿಸಿದರು. 2021ರಿಂದ ಇನ್ನೂ ಒಂದು ಅನುಕೂಲ ಸೇರಿದೆ, ನಿಮಗೆ ಬೇಕಾದದ್ದು ಅದು. 2021ರ ಆಗಸ್ಟ್ 1ರ ನಂತರ ಮುಚ್ಚಿದ ಕಾಲೇಜಿನಿಂದ ನೀವು ಅದೇ ಥರದ ಕೋರ್ಸಿಗೆ 12ಕ್ಕಿಂತ ಕಡಿಮೆ ಕ್ರೆಡಿಟ್ ಒಯ್ದರೆ, ಅಲ್ಲಿ ಖರ್ಚಾದ ಅಷ್ಟೂ ತಿಂಗಳು ವಾಪಸ್ ಕೇಳಬಹುದು. 12 ಅಥವಾ ಜಾಸ್ತಿ ಒಯ್ದರೆ ಮುಚ್ಚಿದ ಟರ್ಮ್‌ನದು ಮಾತ್ರ.

ಇದು ಜನಕ್ಕೆ ತಲೆಗೆ ಹೋಗುವುದಿಲ್ಲ. ಕಷ್ಟಪಟ್ಟು ಪಾಸಾದ ವಿಷಯ ಬಿಟ್ಟು ಬರಲು ಯಾರಿಗೆ ಮನಸ್ಸಾಗುತ್ತದೆ? ಹೋದ ವರ್ಷ ಒಬ್ಬರು ನನ್ನ ಟೇಬಲ್ ಮುಂದೆ ಕೂತು 13 ಕ್ರೆಡಿಟ್ ಒಪ್ಪಿಸಿ ಖುಷಿಯಾಗಿ ಎದ್ದರು. ನಾನು ಕೈ ಹಿಡಿದು ಕೂರಿಸಿದೆ. ಒಂದು ವಿಷಯ ಬಿಟ್ಟರು, ವರ್ಷಕ್ಕೂ ಹೆಚ್ಚು ಕಾಲದ ಭತ್ಯೆ ಉಳಿಯಿತು.

ಅರ್ಜಿಯ ನಂಬರ್ 22-0989. ಎಲ್ಲ ಕ್ರೆಡಿಟ್ ಒಪ್ಪಿಸುವ ಮೊದಲು ವಿಎಯ 888-442-4551ಕ್ಕೆ ಫೋನ್ ಮಾಡಿ, ಯಾರ ಜೊತೆ ಮಾತಾಡಿದಿರಿ, ಎಷ್ಟು ಗಂಟೆಗೆ, ಬರೆದಿಟ್ಟುಕೊಳ್ಳಿ. ಸೇನೆಯ ತರಬೇತಿಗೆ ಸಿಗುವ ಕ್ರೆಡಿಟ್ ಬೇರೆ, ಅದು ನಿಮ್ಮ ಜಾಯಿಂಟ್ ಸರ್ವೀಸಸ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇರುತ್ತದೆ. ಮೆಕ್ಯಾನಿಕ್ ಆಗಿದ್ದವರಿಗೆ ಅದರಲ್ಲಿ ಒಳ್ಳೆಯ ಭಾಗ ಇರುತ್ತದೆ, ಅದನ್ನು ಕಾಲೇಜಿಗೆ ತೋರಿಸದೇ ಬಿಡಬೇಡಿ.

ಆ ಆನ್‌ಲೈನ್ ಕಾಲೇಜಿನ ಬಗ್ಗೆ: ಪೂರ್ತಿ ಆನ್‌ಲೈನ್ ಓದಿದರೆ ಬಾಡಿಗೆ ಭತ್ಯೆ ದೇಶದ ಸರಾಸರಿಯ ಅರ್ಧ. ಕೋವಿಡ್‌ಗೆ ಕೊಟ್ಟ ವಿನಾಯಿತಿ ಈ ಜೂನ್ 1ಕ್ಕೆ ಮುಗಿಯುತ್ತದೆ. ತರಗತಿಯಲ್ಲಿ ಕೂತು ಓದುವ ಒಂದು ವಿಷಯ ಇದ್ದರೂ ನಿಮ್ಮ ಊರಿನ ದರ ಸಿಗುತ್ತದೆ. ಇನ್ನು ಸಾಲ. ಕಾಲೇಜು ಮುಚ್ಚಿದ್ದಕ್ಕೆ ಸಾಲ ಮನ್ನಾ ಕೇಳಬಹುದು, ಆದರೆ ಅವರು ಹೇಳಿದ ಕಡೆ ಕೋರ್ಸ್ ಮುಗಿಸಿದರೆ ಅದು ಸಿಗುವುದಿಲ್ಲ. 15ನೇ ತಾರೀಖಿನ ಅವಸರ ಅವರದು, ನಿಮ್ಮದಲ್ಲ.

ಟೂಲ್‌ಬಾಕ್ಸ್

ಅಕ್ಕಾ, ಸರ್, ಇಬ್ಬರಿಗೂ ಕೈಮುಗಿಯುತ್ತೇನೆ. ಒಂದು ಕೇಳಲಾ? ನಮ್ಮನ್ನೇ ಯಾಕೆ ಹುಡುಕಿಕೊಂಡು ಬಂದರು? ನನ್ನ ಕ್ಲಾಸಿನಲ್ಲಿ 16 ಜನ, ಅದರಲ್ಲಿ 9 ಜನ ಸೇನೆಯವರು.

ಸರ್ಟಿಫೈಯಿಂಗ್ ಟೇಬಲ್

ಲಾಭಕ್ಕೆ ನಡೆಯುವ ಕಾಲೇಜಿಗೆ ಒಂದು ನಿಯಮ ಇದೆ. ಆದಾಯದಲ್ಲಿ ಶೇ. 90ಕ್ಕಿಂತ ಜಾಸ್ತಿ ಶಿಕ್ಷಣ ಇಲಾಖೆಯ ಸಾಲ, ಅನುದಾನದಿಂದ ಬರಬಾರದು. ಉಳಿದ 10 ಹೊರಗಿನದಾಗಿರಬೇಕು. ಜಿಐ ಬಿಲ್ ದುಡ್ಡೂ ಸರ್ಕಾರದ್ದೇ, ಆದರೂ ಅದನ್ನು ಆ 10ರ ಕಡೆ ಲೆಕ್ಕ ಹಾಕಲು ಬಿಟ್ಟಿದ್ದರು. ಹಾಗಾಗಿ ನಿಮ್ಮಂಥವರಿಂದ ಒಂದು ಡಾಲರ್ ಬಂದರೆ ಇನ್ನೊಂಬತ್ತು ಡಾಲರ್ ಸರ್ಕಾರಿ ದುಡ್ಡು ತೆಗೆದುಕೊಳ್ಳಬಹುದಿತ್ತು. ಸೈನಿಕರ ಹಣಕಾಸಿನ ಹಿತ ಕಾಯುವ ಸರ್ಕಾರಿ ಕಚೇರಿಯಲ್ಲಿದ್ದ ಹಾಲಿ ಪೆಟ್ರೇಯಸ್ ಎಂಬ ಮಹಿಳೆ 2011ರಲ್ಲೇ ಬರೆದಿದ್ದರು, ಈ ಕಾಲೇಜುಗಳಿಗೆ ಸೈನಿಕರು ಕಾಣುವುದು ಸಮವಸ್ತ್ರ ತೊಟ್ಟ ಡಾಲರ್ ಚಿಹ್ನೆಗಳಂತೆ ಎಂದು. ಸಂಸತ್ತು ಅದನ್ನು ಸರಿಪಡಿಸಿದ್ದು 2021ರಲ್ಲಿ, ಜಾರಿಗೆ ಬರುವುದು 2023ರಿಂದ.

ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ.

ಹಳೇ ನಾವಿಕಳು

ಆ ಉಳಿದ ಎಂಟು ಜನಕ್ಕೂ ಹೇಳು ತಮ್ಮಾ. 15ನೇ ತಾರೀಖು ಹತ್ತಿರ ಬಂತು.

ಟೂಲ್‌ಬಾಕ್ಸ್ | ಹತ್ತು ದಿನದ ನಂತರ

ಹೇಳಿದೆ. ಇಬ್ಬರು ಆಗಲೇ ಸಹಿ ಮಾಡಿಬಿಟ್ಟಿದ್ದರು, ಅವರಲ್ಲಿ ಒಬ್ಬ ಹಿಂದೆ ತೆಗೆದುಕೊಳ್ಳಲು ಪತ್ರ ಕೊಟ್ಟಿದ್ದಾನೆ. ಉಳಿದ ಆರು ಜನ ನಮ್ಮ ಮನೆಯ ಅಡುಗೆಮನೆ ಟೇಬಲ್ ಸುತ್ತ ಕೂತು ಅರ್ಜಿ ಓದಿದೆವು. ನಡುವೆ ಹೆಂಡತಿಯೂ ಬಂದು ಕೂತಳು. 12ರ ಲೆಕ್ಕ ಅವಳಿಗೆ ನಮಗಿಂತ ಬೇಗ ಅರ್ಥವಾಯಿತು.

ಇಲ್ಲಿನ ಕಮ್ಯುನಿಟಿ ಕಾಲೇಜಿಗೆ ಹೋಗಿ ಬಂದೆ. ಇಂಗ್ಲಿಷ್ ಮತ್ತು ಗಣಿತ, ಎರಡೇ ವಿಷಯ ಒಯ್ಯುತ್ತೇನೆ, ಒಟ್ಟು 6 ಕ್ರೆಡಿಟ್. ಸರ್ಕ್ಯೂಟ್ಸ್ ಎರಡು ಭಾಗ ಪಾಸಾಗಿದ್ದೆ, ಅದನ್ನು ಬಿಟ್ಟಿದ್ದು ಹೊಟ್ಟೆ ಉರಿಯಿತು. ಆದರೆ ಕಲಿತದ್ದು ತಲೆಯಲ್ಲಿ ಇದೆ ಅಲ್ವಾ. ಫೋನಿನಲ್ಲಿ ವಿಎಯವರು, ಕಾಲೇಜು ಮುಚ್ಚಿದ ದಿನದ ನಂತರ ಅರ್ಜಿ ಕಳಿಸಿ ಅಂದರು. ಅರ್ಜಿ ತುಂಬಿ ಫೈಲಿನಲ್ಲಿ ಇಟ್ಟಿದ್ದೇನೆ, ತಾರೀಖು ಒಂದು ಬರೆಯಬೇಕು.

ಅಪ್ಪನಿಗೆ ಈ ಪುಟ ಕಳಿಸಿದೆ. ಪೂರ್ತಿ ಓದಿದರಂತೆ. "ಆ ಹಳೇ ನಾವಿಕಳಿಗೆ ನನ್ನ ನಮಸ್ಕಾರ ತಿಳಿಸು" ಅಂದರು.

ನಾಳೆ ಲ್ಯಾಬ್ ಇದೆ. ಮೂರು ಆಸಿಲೋಸ್ಕೋಪ್, 16 ಜನ. ಉಳಿದಿರುವ ಒಬ್ಬ ಮೇಷ್ಟ್ರು ಮನೆಯಿಂದ ತಮ್ಮ ಸ್ವಂತ ಮೀಟರ್ ತರುತ್ತಿದ್ದಾರೆ. ನಾನೂ ನನ್ನದನ್ನು ಒಯ್ಯುತ್ತೇನೆ.