ಅಪ್‌ಡೇಟ್: ಕಾರಿನ ಮಾನಿಟರ್‌ಗಳು ಕೊನೆಗೂ ರೆಡಿ

ಕಾರಿನ ಆಕ್ಸಿಜನ್ ಸೆನ್ಸರ್ ಬದಲಿಸಿ ಎರರ್ ಕೋಡ್ ಅಳಿಸಿದ ಮೇಲೆ ಮಾನಿಟರ್‌ಗಳು, ಅಂದರೆ ಕಾರಿನ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಟೆಸ್ಟ್‌ಗಳು, ಮುಗಿದಿರಲಿಲ್ಲ. ಸ್ಕ್ಯಾನರ್‌ನಲ್ಲಿ ಕ್ಯಾಟಲಿಸ್ಟ್ (ಹೊಗೆ ಶುದ್ಧ ಮಾಡುವ ಭಾಗ), ಇವ್ಯಾಪ್ (ಪೆಟ್ರೋಲ್ ಆವಿ ಹೊರಹೋಗದಂತೆ ತಡೆಯುವ ವ್ಯವಸ್ಥೆ) ಎರಡೂ ‘ನಾಟ್ ರೆಡಿ’ ಅಂತಲೇ ಇವೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಈಗ ಎಲ್ಲವೂ ರೆಡಿ.

ಮಡಿಕೇರಿ ಸುತ್ತ ಎಷ್ಟು ಓಡಿಸಿದರೂ ಆಗಲಿಲ್ಲ. ಏರು, ತಿರುವು, ಸೆಕೆಂಡ್ ಗೇರು, ಎದುರಿಗೆ ಮರದ ಲಾರಿ. ಟೆಸ್ಟ್‌ಗೆ ಬೇಕಾದ ಒಂದೇ ವೇಗ ಎಲ್ಲಿಂದ ಸಿಗಬೇಕು? ನೀವು ಹೇಳಿದಂತೆ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ, ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ಹೋದೆ. 70–80ರಲ್ಲಿ ಒಂದೇ ಸಮ ಓಡಿಸಿ, ಆಮೇಲೆ ಬ್ರೇಕ್ ಮುಟ್ಟದೆ ಆಕ್ಸಿಲರೇಟರ್ ಬಿಟ್ಟೆ. ಕ್ಯಾಟಲಿಸ್ಟ್ ಟೆಸ್ಟ್ ಅಲ್ಲೇ ಮುಗಿಯಿತು.

ಇವ್ಯಾಪ್ ಮಾತ್ರ ಸತಾಯಿಸಿತು. ಫುಲ್ ಟ್ಯಾಂಕ್ ಇದ್ದರೆ ಆ ಟೆಸ್ಟ್ ಓಡುವುದೇ ಇಲ್ಲವಂತೆ. ಪೆಟ್ರೋಲ್ ಅರ್ಧಕ್ಕಿಳಿದ ಮೇಲೆ ಅದೂ ಆಯ್ತು. ಇಲ್ಲಿನ ಪಿಯುಸಿಗೆ (ಹೊಗೆ ತಪಾಸಣೆ ಸರ್ಟಿಫಿಕೇಟ್‌ಗೆ) ಇದೆಲ್ಲ ಬೇಕಿಲ್ಲ, ಸೈಲೆನ್ಸರ್‌ಗೆ ಪೈಪ್ ಇಟ್ಟು ಹೊಗೆ ಅಳೆಯುತ್ತಾರೆ ಅಷ್ಟೇ. ನನಗೆ ರಿಪೇರಿ ಸರಿಯಾಗಿದೆಯಾ ಅಂತ ಗೊತ್ತಾಗಬೇಕಿತ್ತು. ಚೆಕ್ ಎಂಜಿನ್ ಲೈಟ್ ಮತ್ತೆ ಹತ್ತಿಲ್ಲ.