ಕಾಫಿ ತೋಟದ ಎಲೆ ವಾರ್ಬ್ಲರ್: ಗ್ರೀನಿಶ್ ಹೌದಾ, ಬೇರೆಯಾ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಾಲ್ಕು ಫೋಟೋ ಹಾಕಿದ್ದೇನೆ. ಜಾಗ ಮೂಡಿಗೆರೆ ಹತ್ತಿರ ನಮ್ಮ ತೋಟ, ಹಳ್ಳದ ಪಕ್ಕದ ಅತ್ತಿಮರ ಮತ್ತು ಸಿಲ್ವರ್ ಓಕ್. ಈಗ ರೋಬಸ್ಟಾ ಕೊಯ್ಲು ನಡೆಯುತ್ತಿದೆ, ಹಾಗಾಗಿ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಕ್ಯಾಮೆರಾ ಹಿಡಿಯಲು ಸಿಗುತ್ತದೆ.

ಎಲೆಗಳ ನಡುವೆ ಹುಳ ಹುಡುಕುವ ವಾರ್ಬ್ಲರ್ ಗುಂಪಿನ ಹಕ್ಕಿ, ಗುಬ್ಬಿಗಿಂತ ಚಿಕ್ಕದು. ಮೇಲೆ ಪಾಚಿ ಹಸಿರು, ಕೆಳಗೆ ಮಾಸಲು ಬಿಳಿ. ಕಣ್ಣಿನ ಮೇಲೆ ಹುಬ್ಬಿನ ಹಾಗೆ ಉದ್ದದ ತಿಳಿ ಗೆರೆ, ರೆಕ್ಕೆಯಲ್ಲಿ ಸಣ್ಣ ಪಟ್ಟಿ. ಪುಸ್ತಕ ತೆಗೆದರೆ ಆ ಪುಟದ ಅರ್ಧ ಹಕ್ಕಿಗಳು ಹೀಗೇ ಇವೆ! ನನಗೆ ಗ್ರೀನಿಶ್ ವಾರ್ಬ್ಲರ್ ಅನ್ನಿಸುತ್ತದೆ. ನನ್ನ ತಮ್ಮ ಮೂರನೇ ಫೋಟೋದ ಹಳದಿ ಎದೆ ತೋರಿಸಿ ಗ್ರೀನ್ ವಾರ್ಬ್ಲರ್ ಅಂತ ಹಟ ಹಿಡಿದಿದ್ದಾನೆ. ಮೆರ್ಲಿನ್ ಆ್ಯಪ್ ಒಂದೊಂದು ಫೋಟೋಗೆ ಒಂದೊಂದು ಹೆಸರು ಹೇಳುತ್ತಿದೆ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಬಯಲುಸೀಮೆ:
ರೆಕ್ಕೆಯಲ್ಲಿ ಒಂದೇ ಪಟ್ಟಿ ಇದೆ ಅಲ್ವಾ? ಗ್ರೀನಿಶ್. ಚಳಿಗಾಲದಲ್ಲಿ ನಮ್ಮ ಕಡೆ ಎಲ್ಲಿ ನೋಡಿದರೂ ಅದೇ.

ಹಳ್ಳದಾಚೆ:
ಇಷ್ಟು ಬೇಗ ಮುಗಿಸಬೇಡಿ ಸರ್. ರೆಕ್ಕೆಪಟ್ಟಿ ನಂಬಿ ಕೂತರೆ ಕಷ್ಟ. ಅದು ಗರಿಯ ತುದಿಯ ಬಣ್ಣ ಅಷ್ಟೇ. ಗರಿ ಸವೆದ ಹಾಗೆ ಅದೂ ಸವೆಯುತ್ತದೆ. ಆಕಾಶದ ಎದುರು ಎಕ್ಸ್‌ಪೋಷರ್ ಏರಿಸಿ ತೆಗೆದರೆ ಇದ್ದದ್ದೂ ಕಾಣುವುದಿಲ್ಲ.

ತಂಗಿ, ಮೂರನೇ ಫೋಟೋ ಮೊದಲು ಪಕ್ಕಕ್ಕಿಡಿ. ಅದರಲ್ಲಿ ಹಕ್ಕಿ ಮಾತ್ರ ಹಳದಿಯಾಗಿಲ್ಲ, ಕೊಂಬೆ ಮೇಲಿನ ಬೂದು ಕಲ್ಲುಹೂವೂ ಹಳದಿಯಾಗಿದೆ ನೋಡಿ. ಎಲೆಗಳ ಒಳಗಿಂದ ಸೋಸಿ ಬಂದ ಬೆಳಕು ಅದು. ನಿಮ್ಮ ತಮ್ಮ ತೋಟದ ಬಿಸಿಲಿಗೆ ಹೆಸರಿಟ್ಟಿದ್ದಾರೆ, ಹಕ್ಕಿಗಲ್ಲ!

ಇನ್ನು ಮೊದಲ ಎರಡು ಫೋಟೋ ದೊಡ್ಡದು ಮಾಡಿ ಮುಖ ನೋಡಿ. ಕಣ್ಣಿನ ಮೂಲಕ ಹಾದುಹೋಗುವ ಪಟ್ಟಿ ದಪ್ಪ, ಕಪ್ಪು. ಕೆನ್ನೆ ನಯವಾಗಿಲ್ಲ, ಮಸಿ ಉಜ್ಜಿದ ಹಾಗೆ ಚುಕ್ಕೆ ಚುಕ್ಕೆ. ನೆತ್ತಿ ಬೆನ್ನಿಗಿಂತ ಕಪ್ಪಾಗಿದೆ. ಹುಬ್ಬು ಕೊಕ್ಕಿನ ಮೇಲೆ ಬಂದು ಸೇರುವುದಿಲ್ಲ. ಕೊಕ್ಕು ಉದ್ದ, ತುದಿ ಸ್ವಲ್ಪ ಬಾಗಿದೆ. ಕೆಳಕೊಕ್ಕು ಬುಡದಲ್ಲಿ ಮಾತ್ರ ತಿಳಿ ಬಣ್ಣ, ಉಳಿದದ್ದು ಕಪ್ಪು. ಇದು ನನಗೆ ಲಾರ್ಜ್-ಬಿಲ್ಡ್ (ದೊಡ್ಡ ಕೊಕ್ಕಿನ) ಲೀಫ್ ವಾರ್ಬ್ಲರ್ ಅನ್ನಿಸುತ್ತದೆ.

ನಾಲ್ಕನೇ ಫೋಟೋ ಬೇರೆ ಹಕ್ಕಿ. ಹೌದು, ಬೇರೆಯೇ! ಅದರ ಕೆಳಕೊಕ್ಕು ಪೂರ್ತಿ ತಿಳಿ ಕಿತ್ತಳೆ, ಮುಖ ಸೌಮ್ಯ, ಹುಬ್ಬು ಕೊಕ್ಕಿನವರೆಗೂ ಬಂದಿದೆ. ಒಂದೇ ಮರದಲ್ಲಿ ಎರಡು ಜಾತಿ ಓಡಾಡುವುದು ನಮ್ಮಲ್ಲಿ ಮಾಮೂಲಿ. ಮಿಶ್ರ ಗುಂಪು ಬಂತು ಅಂದರೆ ಯಾವ ಕ್ಲಿಕ್‌ಗೆ ಯಾವುದು ಸಿಕ್ಕಿತು ಅಂತ ಗೊತ್ತೇ ಆಗುವುದಿಲ್ಲ.

ಜಾಗ ನೋಡಿ ತೀರ್ಮಾನ ಮಾಡೋಣ ಅಂದರೆ ಅದೂ ಆಗದು. ಲಾರ್ಜ್-ಬಿಲ್ಡ್ ಹಿಮಾಲಯದಿಂದ ಇಳಿದು ಬರುತ್ತದೆ, ಗ್ರೀನ್ ಕಾಕಸಸ್ ಕಡೆಯಿಂದ, ಗ್ರೀನಿಶ್ ಇನ್ನೂ ಉತ್ತರದಿಂದ. ಚಳಿಗಾಲ ಕಳೆಯಲು ಮೂರೂ ಪಶ್ಚಿಮ ಘಟ್ಟಕ್ಕೇ ಬರುತ್ತವೆ. ಕೂಗು ಕೇಳಿಸಿಕೊಂಡಿರಾ? ಅದೊಂದು ಸಿಕ್ಕರೆ ಸಾಕು.

ಬಯಲುಸೀಮೆ:
ಕೆಳಕೊಕ್ಕು ನಾನು ನೋಡಿರಲಿಲ್ಲ, ಈಗ ನೋಡಿದೆ. ಆದರೂ ಗಾತ್ರ? ಲಾರ್ಜ್-ಬಿಲ್ಡ್ 12-13 ಸೆಂ.ಮೀ. ಇರಬೇಕಲ್ಲ, ಇದು ಚಿಕ್ಕದಾಗಿ ಕಾಣುತ್ತಿದೆ.

ಹಳ್ಳದಾಚೆ:
ಪಕ್ಕದಲ್ಲಿ ಅಳತೆಗೆ ಏನೂ ಇಲ್ಲದೆ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಫೋಟೋದಲ್ಲಿ ಹೇಗೆ ಹೇಳುತ್ತೀರಿ ಸರ್? ಚಳಿಗೆ ಗರಿ ಉಬ್ಬಿಸಿ ಕೂತರೆ ಯಾವುದೂ ದಪ್ಪವೇ.

ತೋಟದಮನೆ:
ಫೋನಿನಲ್ಲಿ ಕೂಗು ರೆಕಾರ್ಡ್ ಆಗಿದೆ! ಹಣ್ಣು ಕೊಯ್ಯುವವರ ಮಾತು, ಹಳ್ಳದ ಸದ್ದು ಎಲ್ಲ ಸೇರಿದೆ, ಆದರೂ ಹಕ್ಕಿ ಸ್ಪಷ್ಟವಾಗಿದೆ. ಎರಡು ಸ್ವರ, ಟಿ-ಟೀ, ಎರಡನೆಯದು ಮೇಲೆ ಏರುತ್ತದೆ. ಸ್ವಲ್ಪ ಬಿಟ್ಟು ಮತ್ತೆ ಅದೇ. ಇಷ್ಟು ಸಣ್ಣ ಹಕ್ಕಿಗೆ ಎಷ್ಟು ಜೋರು ದನಿ!

ಹಳ್ಳದಾಚೆ:
ಲಾರ್ಜ್-ಬಿಲ್ಡ್. ಇನ್ನು ಅನುಮಾನ ಬೇಡ. ಗ್ರೀನಿಶ್ ಕೂಗು ಚುಟುಕು, 'ಚಿಸ್ಲಿ' ಅಂದ ಹಾಗೆ, ಬಾಲ ಕುಣಿಸುವ ವ್ಯಾಗ್‌ಟೇಲ್ ಹಕ್ಕಿಯ ಕೂಗನ್ನು ಹೋಲುತ್ತದೆ. ಹಳ್ಳದ ಹತ್ತಿರ ವ್ಯಾಗ್‌ಟೇಲ್‌ಗಳೂ ಇರುತ್ತವೆ, ಹುಷಾರು. ಗ್ರೀನ್ ಕೂಗಿನಲ್ಲಿ ಸಾಮಾನ್ಯವಾಗಿ ಮೂರು ತುಣುಕು ಕೇಳುತ್ತದೆ.

ನಾಲ್ಕನೇ ಫೋಟೋದ ಹಕ್ಕಿ ಗ್ರೀನೋ ಗ್ರೀನಿಶೋ ಅಂತ ಹೇಳಲು ಕೂಗಿಲ್ಲ, ಬೆಳಕೂ ಸರಿಯಿಲ್ಲ. ಕೆಲವು ಹಳೆಯ ಪುಸ್ತಕಗಳಲ್ಲಿ ಗ್ರೀನ್, ಗ್ರೀನಿಶ್ ಎರಡೂ ಒಂದೇ ಜಾತಿ. ಅಷ್ಟು ಹತ್ತಿರದವು. ಹಕ್ಕಿ ನೋಡಿದ್ದನ್ನು ದಾಖಲಿಸುವ ಇಬರ್ಡ್ ತಾಣದಲ್ಲಿ 'ಗ್ರೀನ್/ಗ್ರೀನಿಶ್' ಅಂತ ಜೋಡಿ ಹೆಸರು ಸಿಗುತ್ತದೆ, ಅದನ್ನೇ ಹಾಕಿ. ಆಡಿಯೋ ಲಾರ್ಜ್-ಬಿಲ್ಡ್ ದಾಖಲೆಗೆ ಸೇರಿಸಿ, ಸದ್ದು ತೆಗೆಯುವ ಫಿಲ್ಟರ್ ಹಾಕಬೇಡಿ. ಹಕ್ಕಿಯ ದನಿಯೂ ಹಾಳಾಗುತ್ತದೆ.

ತೋಟದಮನೆ:
ಎರಡೂ ಹಾಕಿದೆ. ತುಂಬಾ ಥ್ಯಾಂಕ್ಸ್ ಅಣ್ಣ. ತಮ್ಮನಿಗೂ ತೋರಿಸಿದೆ. ನಾಲ್ಕನೆಯದು ಗ್ರೀನೇ ಅಂತ ಈಗ ಅದೇ ಹಟ ಅಲ್ಲಿಗೆ ಸಾಗಿಸಿದ್ದಾನೆ.